ಅಪ್ಪನನ್ನು ಬಿಪಿ ಸ್ಟಡಿಗೆ ಸೇರಿಸ್ಬಹುದಾ? ಫಾರ್ಮ್ ಮಲಯಾಳದಲ್ಲಿ ಉಂಟು, ಅಪ್ಪನಿಗೆ ಓದ್ಲಿಕ್ಕೆ ಬರುದಿಲ್ಲ

ಬದಿಯಡ್ಕದ_ಮಗಳು:

ನಮಸ್ಕಾರ ಎಲ್ರಿಗೂ, ನಾವು ಕಾಸರಗೋಡಿನವ್ರು. ಸ್ವಲ್ಪ ಉದ್ದ ಆಗ್ತದೆ, ಆದ್ರೂ ಓದಿ ಗೊತ್ತಿರುವವ್ರು ಯಾರಾದ್ರೂ ಹೇಳಿ, ಬರುವ ಬುಧವಾರದ ಒಳಗೆ ನಾವು ಹೌದು ಅಲ್ಲ ಹೇಳ್ಬೇಕು.

ಅಪ್ಪನಿಗೆ 61 ವರ್ಷ, ತೋಟದ ಕೆಲಸ. ಬಿಪಿ ಶುರುವಾಗಿ ಏಳು ವರ್ಷ ಆಯ್ತು, ಶುಗರ್ ಮೂರು ವರ್ಷದಿಂದ. ಬಿಪಿಗೆ ಒಂದು ಮಾತ್ರೆ, ಶುಗರಿಗೆ ಎರಡು. ತಗೊಳ್ಳುದು ಸರಿಯಾಗಿಯೇ ಆದ್ರೆ ಅಡಿಕೆ ಕೊಯ್ಲಿನ ಟೈಮಲ್ಲಿ ಎರಡು ಮೂರು ದಿನ ತಪ್ಪಿ ಹೋಗುದು ಉಂಟು. ಕಳೆದ ಸಲ ಚೆಕಪ್ಪಿಗೆ ಹೋದಾಗ 162/94 ಬಂತು. ಆಗ ಡಾಕ್ಟರ್ ಹೇಳಿದ್ರು, ಇಲ್ಲಿ ಒಂದು ಸ್ಟಡಿ ನಡೀತಾ ಉಂಟು, ಬಿಪಿ ಶುಗರ್ ಎರಡೂ ಇರುವವ್ರಿಗೆ ಬಿಪಿ ಮಾತ್ರೆ ಎರಡು ವಿಧದಲ್ಲಿ ಕೊಟ್ಟು ಯಾವುದ್ರಲ್ಲಿ ಒಳ್ಳೇದಾಗ್ತದೆ ಅಂತ ನೋಡುದು, ಬೇಕಾದ್ರೆ ಸೇರ್ಬಹುದು, ಮಾತ್ರೆ ಮತ್ತು ರಕ್ತ ಪರೀಕ್ಷೆ ಫ್ರೀ. ಯಾವ ವಿಧ ಸಿಗ್ತದೆ ಅಂತ ಕಂಪ್ಯೂಟರ್ ಹೇಳ್ತದಂತೆ, ಡಾಕ್ಟ್ರಿಗೂ ಆರಿಸ್ಲಿಕ್ಕೆ ಆಗುದಿಲ್ಲವಂತೆ.

ಆಮೇಲೆ ಹೊರಗೆ ಒಂದು ಟೇಬಲಿನ ಹತ್ರ ಕೂರಿಸಿ ಫಾರ್ಮ್ ಕೊಟ್ರು. 16 ಪುಟ. ಒಂದು ಇಂಗ್ಲಿಷಲ್ಲಿ, ಒಂದು ಮಲಯಾಳದಲ್ಲಿ. ಅಪ್ಪ ಕನ್ನಡ ಮೀಡಿಯಮಲ್ಲಿ ಏಳನೇವರೆಗೆ ಹೋದವ್ರು, ಮಲಯಾಳ ಮಾತಾಡ್ತಾರೆ, ಅಕ್ಷರ ಬರುದಿಲ್ಲ. ನಂಗೆ ಓದ್ಲಿಕ್ಕೆ ಬರ್ತದೆ ಆದ್ರೆ ಅದ್ರಲ್ಲಿದ್ದ ದೊಡ್ಡ ದೊಡ್ಡ ಶಬ್ದ ನಂಗೂ ಅರ್ಥ ಆಗ್ಲಿಲ್ಲ. ಕನ್ನಡದ್ದು ಇಲ್ವಾ ಕೇಳಿದ್ದಕ್ಕೆ ಆ ಹುಡುಗಿ ಕೊನೇ ಪುಟದಲ್ಲಿ ಸೈನ್ ಹಾಕಿದ್ರೆ ಸಾಕು ಅಂದ್ಳು. ಅಪ್ಪ ಕಿಸೆಯಿಂದ ಪೆನ್ನು ತೆಗೆದಿದ್ರು, ಕ್ಯಾಪ್ ಕೂಡ ತೆಗೆದಿದ್ರು, ಆಮೇಲೆ ಎಂತ ಅನ್ನಿಸಿತೋ ಪುನಃ ಕ್ಯಾಪ್ ಹಾಕಿ ಕಿಸೆಗೆ ಇಟ್ಟು "ಮನೆಗೆ ಹೋಗಿ ಓದಿ ಬರ್ತೇವೆ" ಅಂದ್ರು.

ಈಗ ಮನೆಯಲ್ಲಿ ಒಬ್ಬೊಬ್ಬರದ್ದು ಒಂದೊಂದು ಮಾತು. ಮಾವ ಹೇಳ್ತಾರೆ ಇಲಿಗೆ ಕೊಟ್ಟು ನೋಡುವ ಹಾಗೆ ನಿಮ್ಗೆ ಕೊಟ್ಟು ನೋಡುದು, ಬೇಡವೇ ಬೇಡ. ಅಮ್ಮನಿಗೆ ಫ್ರೀ ಮಾತ್ರೆ ಅಂತ ಸಮಾಧಾನ. ಅಪ್ಪ ಎಂತದೂ ಹೇಳುದಿಲ್ಲ. ನಂಗೆ ನಿಜವಾಗಿ ಗೊತ್ತಾಗುದಿಲ್ಲ. ಇದ್ರಿಂದ ಅಪ್ಪನಿಗೆ ತೊಂದ್ರೆ ಉಂಟಾ, ಬೇಡ ಅಂದ್ರೆ ಆ ಡಾಕ್ಟರ್ ಆಮೇಲೆ ಸರಿಯಾಗಿ ನೋಡುದಿಲ್ವಾ, ಇದೇ ಹೆದರಿಕೆ.

ಉಪ್ಪಳದ_ನರ್ಸ್:

ಅಪ್ಪ ಪೆನ್ನು ವಾಪಸ್ ಕಿಸೆಗೆ ಇಟ್ಟದ್ದು ನೂರಕ್ಕೆ ನೂರು ಸರಿ, ಅವ್ರಿಗೆ ನನ್ನ ನಮಸ್ಕಾರ ಹೇಳಿ. ನಾನು ಮಂಗಳೂರಲ್ಲಿ ಆರು ವರ್ಷ ಇಂಥ ಸ್ಟಡಿಗಳಲ್ಲೇ ಕೋಆರ್ಡಿನೇಟರ್ ಆಗಿ ಕೆಲಸ ಮಾಡಿದವ್ಳು, ಆ ಟೇಬಲಿನ ಆಚೆ ಬದಿಯಲ್ಲಿ ಕೂತವ್ಳು. ಹಾಗಾಗಿ ಹೇಳ್ತೇನೆ, ಕೊನೇ ಪುಟದ ಸೈನ್ ಅಲ್ಲ ಮುಖ್ಯ, ಅದಕ್ಕಿಂತ ಮೊದ್ಲಿನ 15 ಪುಟವೇ ಮುಖ್ಯ. ಸೇರುವವ್ರಿಗೆ ಅರ್ಥ ಆಗುವ ಭಾಷೆಯಲ್ಲಿ, ಸರಳ ಮಾತಲ್ಲಿ ಅದು ಇರ್ಲೇಬೇಕು ಅಂತ ನಿಯಮ ಉಂಟು. ನಮ್ಮ ದೇಶದಲ್ಲಿ ಹೊಸ ಔಷಧದ ಟ್ರಯಲ್ಲುಗಳಿಗೆ 2019ರ ನಿಯಮಾವಳಿ ಉಂಟು, ಬಾಕಿ ಎಲ್ಲ ಸಂಶೋಧನೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಅಂದ್ರೆ ಐಸಿಎಂಆರ್‌ನ 2017ರ ಮಾರ್ಗಸೂಚಿ ಉಂಟು, ಎರಡರಲ್ಲೂ ಇದೇ ಮಾತು. ಬೇರೆ ಭಾಷೆಗೆ ಮಾಡಿದ ಪ್ರತಿಯನ್ನು ಕೂಡ ಎಥಿಕ್ಸ್ ಕಮಿಟಿ (ಸೇರುವವ್ರಿಗೆ ಅನ್ಯಾಯ ಆಗದ ಹಾಗೆ ಸ್ಟಡಿಯನ್ನು ಪರಿಶೀಲಿಸುವವ್ರು) ನೋಡಿ ಒಪ್ಪಿರ್ಬೇಕು, ಅಲ್ಲೇ ನಿಂತು ಯಾರಾದ್ರೂ ಬಾಯಲ್ಲಿ ಕನ್ನಡ ಮಾಡಿ ಹೇಳಿದ್ರೆ ಸಾಕಾಗುದಿಲ್ಲ. ಕಾಸರಗೋಡಲ್ಲಿ ಕನ್ನಡದವ್ರು ಇದ್ದಾರೆ ಅಂತ ಗೊತ್ತಿದ್ದೇ ಸ್ಟಡಿ ಮಾಡ್ತಾರಲ್ಲ, ಹಾಗಾದ್ರೆ ಕನ್ನಡ ಪ್ರತಿ ಕೇಳುದು ಉಪಕಾರ ಬೇಡುದಲ್ಲ, ಧೈರ್ಯವಾಗಿ ಕೇಳಿ. ಓದ್ಲಿಕ್ಕೆ ಬಾರದವ್ರು ಆದ್ರೆ ಸ್ಟಡಿಗೆ ಸಂಬಂಧ ಇಲ್ಲದ ಒಬ್ಬ ಸಾಕ್ಷಿ ಎದುರಲ್ಲಿ ಇಡೀ ಓದಿ ಹೇಳ್ಬೇಕು, ಸಾಕ್ಷಿಯೂ ಸೈನ್ ಹಾಕ್ಬೇಕು. ಸೈನ್ ಆದ ಮೇಲೆ ಒಂದು ಪ್ರತಿ ನಿಮ್ಮ ಕೈಗೆ ಕೊಡ್ಬೇಕು, ಅದನ್ನು ರೇಷನ್ ಕಾರ್ಡಿನ ಹಾಗೆ ಜಾಗ್ರತೆಯಾಗಿ ಇಡಿ.

ಬೇಡ ಅಂದ್ರೆ ಚಿಕಿತ್ಸೆ ಕಮ್ಮಿ ಮಾಡ್ಲಿಕ್ಕೆ ಇಲ್ಲ. ಸೇರಿದ ಮೇಲೂ ಯಾವ ದಿನ ಬೇಕಾದ್ರೂ ಬಿಡ್ಬಹುದು, ಕಾರಣ ಕೊಡ್ಬೇಕು ಅಂತ ಇಲ್ಲ. ಇದು ಫಾರ್ಮಲ್ಲೇ ಬರೆದಿರ್ತದೆ, ಹುಡುಕಿ ನೋಡಿ, ಇಲ್ಲದಿದ್ರೆ ಅಂಥ ಫಾರ್ಮಿಗೆ ಸೈನ್ ಹಾಕ್ಬೇಡಿ.

ಇನ್ನು ಕೇಳ್ಬೇಕಾದ್ದು ಎಂತ ಅಂದ್ರೆ ಸಿಟಿಆರ್‌ಐ ನಂಬ್ರ. ಇದು ಐಸಿಎಂಆರ್ ನಡೆಸುವ ರಿಜಿಸ್ಟ್ರಿ, ಅಂದ್ರೆ ದೇಶದಲ್ಲಿ ನಡೆಯುವ ಟ್ರಯಲ್ಲುಗಳ ಪಟ್ಟಿ, 2007ರಲ್ಲಿ ಶುರುವಾದ್ದು, ನಂಬ್ರ ಹಾಕಿ ನೋಡಿದ್ರೆ ಯಾರು ಮಾಡ್ತಾ ಇದ್ದಾರೆ, ದುಡ್ಡು ಯಾರದ್ದು, ಎಷ್ಟು ಜನ ಬೇಕು, ಎಂತ ಅಳೀತಾರೆ ಎಲ್ಲ ಸಿಗ್ತದೆ, ಯಾರು ಬೇಕಾದ್ರೂ ಮನೆಯಲ್ಲಿ ಕೂತು ನೋಡ್ಬಹುದು. ಮತ್ತೆ ತೊಂದ್ರೆ ಆದ್ರೆ ಯಾರಿಗೆ ಫೋನ್ ಮಾಡ್ಬೇಕು, ರಾತ್ರಿ ಆದ್ರೆ ಯಾರಿಗೆ, ಸ್ಟಡಿಯಿಂದಲೇ ತೊಂದ್ರೆ ಆದ್ರೆ ಚಿಕಿತ್ಸೆಯ ಖರ್ಚು ಮತ್ತು ಪರಿಹಾರ ಯಾರು ಕೊಡ್ತಾರೆ. ಎಥಿಕ್ಸ್ ಕಮಿಟಿಯವರ ಫೋನ್ ನಂಬ್ರ ಕೂಡ ಫಾರ್ಮಲ್ಲಿ ಇರ್ಬೇಕು. ಆ ಕಮಿಟಿಯಲ್ಲಿ ಕಮ್ಮಿ ಅಂದ್ರೂ ಏಳು ಜನ ಇರ್ತಾರೆ, ಎಲ್ರೂ ಡಾಕ್ಟ್ರುಗಳಲ್ಲ, ಕಾನೂನು ಗೊತ್ತಿರುವವ್ರು, ನಮ್ಮ ನಿಮ್ಮ ಹಾಗೆ ಸಾಮಾನ್ಯ ಜನ ಒಬ್ರು ಇರ್ಲೇಬೇಕು. ನಮ್ಮಲ್ಲಿ ಹಾಗೆ ಒಬ್ರು ಮನೆವಾರ್ತೆಯ ಅಮ್ಮ ಇದ್ರು, "ಈ ವಾಕ್ಯ ನಂಗೆ ಅರ್ಥ ಆಗುದಿಲ್ಲ" ಅಂತ ಹೇಳಿ ಹೇಳಿ ಒಂದು ಫಾರ್ಮನ್ನು ಮೂರು ಸಲ ವಾಪಸ್ ಕಳಿಸಿದ್ರು, ಕೊನೆಗೆ ಆ ಫಾರ್ಮ್ ಎಷ್ಟು ಚಂದ ಆಯ್ತು ಅಂದ್ರೆ ನಮ್ಗೆ ವಿವರಿಸುವ ಕೆಲಸವೇ ಅರ್ಧ ಆಯ್ತು.

ಮುಳ್ಳೇರಿಯ_ಕಡೆಯವ:

ನಾನಾದ್ರೆ ಬೇಡ ಅಂತಲೇ ಹೇಳ್ತೇನೆ ಅಕ್ಕ. ಬೇಜಾರು ಮಾಡ್ಬೇಡಿ. 2009-10ರಲ್ಲಿ ಆಗಿನ ಆಂಧ್ರದ ಖಮ್ಮಂನಲ್ಲಿ ಹುಡುಗಿಯರಿಗೆ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಕೊಟ್ಟದ್ದು ನೆನಪುಂಟಾ? ಎಷ್ಟೋ ಮಕ್ಕಳು ಹಾಸ್ಟೆಲಲ್ಲಿ ಇದ್ದವ್ರು, ತಂದೆ ತಾಯಿಯ ಬದ್ಲು ವಾರ್ಡನ್, ಹೆಡ್‌ಮಾಸ್ಟರ್ ಸೈನ್ ಹಾಕಿದ್ದು. ಸಂಸತ್ತಿನ ಸಮಿತಿ 2013ರಲ್ಲಿ ಅದ್ರ ಬಗ್ಗೆ ಗಟ್ಟಿಯಾಗಿ ಬರೆಯಿತು. ಬಡವ್ರು, ಓದ್ಲಿಕ್ಕೆ ಬಾರದವ್ರು ಅಂದ್ರೆ ಕಾಗದದಲ್ಲಿ ಎಂತ ಇದ್ರೂ ಆಗ್ತದೆ ಅನ್ನುವ ಹಾಗೆ ಆಗಿದೆ. ನಿಮ್ಮ ಅಪ್ಪನ ಎದುರು ಇಟ್ಟದ್ದೂ ಅದೇ ಅಲ್ವಾ, ಓದ್ಲಿಕ್ಕೆ ಬಾರದ ಭಾಷೆಯ ಕಾಗದ.

ಉಪ್ಪಳದ_ನರ್ಸ್:

ಮುಳ್ಳೇರಿಯದವ್ರು ಹೇಳಿದ್ದು ಸತ್ಯ, ನಮ್ಗೆ ಟ್ರೇನಿಂಗಲ್ಲಿ ಖಮ್ಮಂ ವಿಷಯವನ್ನೇ ಹೇಳಿ ಕಲಿಸ್ತಾ ಇದ್ರು. ಒಂದು ಮಾತ್ರ ಸೇರಿಸ್ತೇನೆ, ಆಗ ತೀರಿಹೋದ ಹುಡುಗಿಯರ ಸಾವಿಗೆ ಲಸಿಕೆ ಕಾರಣ ಅಂತ ತನಿಖೆಯಲ್ಲಿ ಕಂಡುಬರ್ಲಿಲ್ಲ, ಆದ್ರೆ ಒಪ್ಪಿಗೆ ತಗೊಂಡ ರೀತಿ ತಪ್ಪೇ ತಪ್ಪು. ಆ ತಪ್ಪಿನಿಂದಾಗಿ ಆ ಲಸಿಕೆಯ ಬಗ್ಗೆಯೇ ಜನರಿಗೆ ವರ್ಷಗಟ್ಲೆ ಸಂಶಯ ಉಳಿಯಿತು, ಎಷ್ಟು ಒಳ್ಳೆ ಲಸಿಕೆ ಅದು. ಇದನ್ನು ಯೋಚಿಸುವಾಗ ನಂಗೆ ಈಗ್ಲೂ ಹೊಟ್ಟೆ ಉರೀತದೆ.

ಪೆರ್ಲದ_ಮೇಷ್ಟ್ರು:

ಮಗಳೇ, ನಾನು ಎಣ್ಮಕಜೆಯವ, 31 ವರ್ಷ ಶಾಲೆಯಲ್ಲಿ ಕಲಿಸಿ ಈಗ ಮನೆಯಲ್ಲಿದ್ದೇನೆ. ನಮ್ಮ ಊರಿನವ್ರಿಗೆ ಸಂಶೋಧನೆ ಅಂದ್ರೆ ಬೇರೆಯೇ ಒಂದು ಕಥೆ ಉಂಟು. ಗೇರು ತೋಟಕ್ಕೆ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಹೆಲಿಕಾಪ್ಟರಲ್ಲಿ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಹೊಡೆದದ್ದು ನಿಮ್ಗೆಲ್ಲ ಗೊತ್ತೇ ಉಂಟು. ಜನ ಹೇಳ್ತಾ ಇದ್ರು, ಮಕ್ಕಳಿಗೆ ಏನೋ ಆಗ್ತಾ ಉಂಟು ಅಂತ, ಪಡ್ರೆಯಲ್ಲಿ ಊರಿನ ಡಾಕ್ಟ್ರು ಬರೆದ್ರು, ಆದ್ರೂ ಪುರಾವೆ ಎಲ್ಲಿ ಪುರಾವೆ ಎಲ್ಲಿ ಅಂತಲೇ ಕೇಳಿದ್ರು. ಆಮೇಲೆ ಅಹ್ಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯವ್ರು ಬಂದು, ತೋಟದ ಬುಡದ ಊರಿನ 117 ಹುಡುಗರನ್ನು ಮತ್ತು ಮದ್ದು ಬೀಳದ ಕಡೆಯ 90 ಹುಡುಗರನ್ನು ಹೋಲಿಸಿ ನೋಡಿದ್ರು. 2003ರಲ್ಲಿ ಪ್ರಕಟ ಆಯ್ತು, ಮದ್ದು ಬಿದ್ದ ಕಡೆಯ ಹುಡುಗರು ಪ್ರಾಯಕ್ಕೆ ಬರುವುದು ತಡ ಆಗಿದೆ, ರಕ್ತದಲ್ಲಿ ಎಂಡೋಸಲ್ಫಾನ್ ಉಂಟು ಅಂತ. ಆ ಇನ್ನೊಂದು ಕಡೆಯ 90 ಮಕ್ಕಳು ಇಲ್ಲದಿದ್ರೆ ನಮ್ಮ 117 ಮಕ್ಕಳ ಲೆಕ್ಕಕ್ಕೆ ಬೆಲೆಯೇ ಇರ್ತಿರ್ಲಿಲ್ಲ. ಹೋಲಿಸಿ ನೋಡುದು ಎಂತಕ್ಕೆ ಅಂತ ನಂಗೆ ಅರ್ಥ ಆದದ್ದೇ ಆವಾಗ.

ಆದ್ರೆ ಇನ್ನೊಂದು ಮುಖವೂ ಉಂಟು. ಅದಾಗಿ ಎಷ್ಟೋ ಸಮಯದ ಮೇಲೆ ಬೇರೆ ಒಂದು ತಂಡ ನಮ್ಮ ಮನೆಗೂ ಬಂದಿತ್ತು, ಯಾರು ಅಂತ ಹೇಳುದಿಲ್ಲ. ನನ್ನ ಹೆಂಡತಿಯದ್ದು, ನನ್ನದು, ತಮ್ಮನ ಮಕ್ಕಳದ್ದು ರಕ್ತ ತಗೊಂಡ್ರು. ಕಿರಿಯವ ಸೂಜಿ ಕಂಡು ಕೊಟ್ಟಿಗೆಗೆ ಓಡಿ ಹೋಗಿ ದನದ ಹಿಂದೆ ಅಡಗಿದ್ದ, ನಾನೇ ಎತ್ತಿಕೊಂಡು ಬಂದು "ಎಂತ ಆಗುದಿಲ್ಲ ಮಗ, ಇದ್ರಿಂದ ಎಲ್ರಿಗೂ ಒಳ್ಳೇದಾಗ್ತದೆ" ಅಂತ ಕೈ ಹಿಡಿದುಕೊಂಡದ್ದು. ರಿಪೋರ್ಟ್ ಕಳಿಸ್ತೇವೆ ಅಂದ್ರು. ಬರ್ಲೇ ಇಲ್ಲ. ಒಂದು ಪತ್ರ ಬರೆದೆ, ಎರಡು ಬರೆದೆ. ಆ ಹುಡುಗ ಈಗ ದೊಡ್ಡವ ಆಗಿದ್ದಾನೆ, ನಾನು ಅವನಿಗೆ ಸುಳ್ಳು ಹೇಳಿದ ಹಾಗೆ ಆಯ್ತಲ್ಲ ಅಂತ ನಂಗೆ ಇವತ್ತಿಗೂ ಉಂಟು.

ಹಾಗಾಗಿ ಸೇರ್ಬೇಡಿ ಅಂತ ನಾನು ಹೇಳುದಿಲ್ಲ. ಎರಡು ಕೇಳಿ. ಅಪ್ಪನ ರಕ್ತದ ರಿಪೋರ್ಟ್ ಅಪ್ಪನ ಕೈಗೆ ಆಗಾಗ ಕೊಡ್ತೀರಾ? ಸ್ಟಡಿ ಎಲ್ಲ ಮುಗಿದ ಮೇಲೆ ಏನು ಗೊತ್ತಾಯ್ತು ಅಂತ ನಮ್ಗೆ ಬಂದು ಹೇಳ್ತೀರಾ, ಕನ್ನಡದಲ್ಲಿ?

ಹೊಸಂಗಡಿಯ_ಹುಡುಗ:

ಮೇಷ್ಟ್ರೇ, ಓದಿ ಒಂದು ನಿಮಿಷ ಸುಮ್ಮನೆ ಕೂತೆ. ನಾನು ಎಂಡಿ ಮೆಡಿಸಿನ್ ಎರಡನೇ ವರ್ಷದಲ್ಲಿದ್ದೇನೆ, ನಿಮ್ಮ ಆ ಎರಡು ಪ್ರಶ್ನೆ ನಾನು ಬರೆದಿಟ್ಟುಕೊಂಡೆ.

ಅಕ್ಕ, ಕಂಪ್ಯೂಟರ್ ಯಾಕೆ ಆರಿಸುದು ಅಂತ ನಿಮ್ಗೆ ಸಂಶಯ ಉಂಟಲ್ಲ ಅದನ್ನು ಸ್ವಲ್ಪ ಹೇಳ್ತೇನೆ, ಯಾಕಂದ್ರೆ ಮಾವನ ಇಲಿಯ ಮಾತು ಅಲ್ಲಿಂದಲೇ ಬರುದು. ಡಾಕ್ಟ್ರಿಗೆ ಆರಿಸ್ಲಿಕ್ಕೆ ಬಿಟ್ರೆ ಗಟ್ಟಿ ಇರುವವ್ರಿಗೆ ಹೊಸದ್ದು, ಸೋತವ್ರಿಗೆ ಹಳೇದು ಕೊಟ್ಟುಬಿಡ್ತಾರೆ, ಗೊತ್ತಿಲ್ಲದೇ ಹಾಗೆ ಆಗ್ತದೆ, ಆಮೇಲೆ ಹೊಸದ್ದು ಒಳ್ಳೇದು ಅಂತ ಕಾಣ್ತದೆ. ಚೀಟಿ ಎತ್ತಿದ ಹಾಗೆ ಮಾಡಿದ್ರೆ ಎರಡೂ ಕಡೆಗೆ ಗಟ್ಟಿಯವ್ರು ಸೋತವ್ರು ಸರಿಸಮ ಹೋಗ್ತಾರೆ. ಇದನ್ನು ಮದ್ರಾಸಲ್ಲಿ ಎಷ್ಟು ಚಂದ ಮಾಡಿದ್ದಾರೆ ಅಂದ್ರೆ, ನಂಗೆ ತುಂಬ ಇಷ್ಟದ ಸ್ಟಡಿ ಅದು. 1956ರಲ್ಲಿ ಅಲ್ಲಿ ಟಿಬಿ ಸೆಂಟರ್ ಶುರುವಾಯ್ತು, ಐಸಿಎಂಆರ್, ಮದ್ರಾಸ್ ಸರ್ಕಾರ, ಡಬ್ಲ್ಯುಎಚ್‌ಒ, ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ ಎಲ್ಲ ಸೇರಿ. ಆಗ ಟಿಬಿ ಬಂದ್ರೆ ಸ್ಯಾನಟೋರಿಯಂ ಅಂದ್ರೆ ಟಿಬಿಯವ್ರ ಆಸ್ಪತ್ರೆಗೆ ಸೇರಿಸಿ ಒಳ್ಳೆ ಊಟ, ಒಳ್ಳೆ ಗಾಳಿ, ತಿಂಗಳುಗಟ್ಲೆ ವಿಶ್ರಾಂತಿ ಬೇಕೇ ಬೇಕು ಅಂತ ಎಲ್ರೂ ನಂಬಿದ್ರು, ನಮ್ಮ ದೇಶದಲ್ಲಿ ಅಷ್ಟು ಬೆಡ್ ಎಲ್ಲಿಂದ ಬರ್ಬೇಕು? ಇವ್ರು ಚೀಟಿ ಎತ್ತಿದ ಹಾಗೆ ಅರ್ಧ ಜನರನ್ನು ಸ್ಯಾನಟೋರಿಯಂಗೆ, ಅರ್ಧ ಜನರನ್ನು ಅವರವರ ಮನೆಗೇ ಕಳಿಸಿದ್ರು, ಇಬ್ರಿಗೂ ಅದೇ ಮಾತ್ರೆ, ಒಂದು ವರ್ಷ. ಮನೆ ಅಂದ್ರೆ ಮದ್ರಾಸಿನ ಇಕ್ಕಟ್ಟಿನ ಬಡವರ ಮನೆ, ಊಟವೂ ಕಮ್ಮಿ, ಕೆಲಸವೂ ಜಾಸ್ತಿ. 1959ರಲ್ಲಿ ಲೆಕ್ಕ ಹಾಕಿದಾಗ ಎರಡೂ ಕಡೆ ಗುಣ ಆದದ್ದು ಹೆಚ್ಚುಕಮ್ಮಿ ಒಂದೇ, ಮನೆಯವ್ರಿಗೆ ಟಿಬಿ ಹರಡಿದ್ದೂ ಜಾಸ್ತಿ ಆಗಿರ್ಲಿಲ್ಲ. ಇವತ್ತು ನಮ್ಮ ಊರಲ್ಲಿ ಟಿಬಿ ಬಂದವ ಮನೆಯಲ್ಲೇ ಇದ್ದು ಮಾತ್ರೆ ತಿಂದು ಗುಣ ಆಗ್ತಾನಲ್ಲ, ಅದು ಆ ಮದ್ರಾಸಿನ ಜನ ಒಪ್ಪಿದ್ದರಿಂದ.

ಉಲ್ಟಾ ಕಥೆಯೂ ಉಂಟು. ಹಾರ್ಟ್ ಅಟ್ಯಾಕ್ ಆದವ್ರಿಗೆ ಎದೆಬಡಿತ ತಪ್ಪುದು ಉಂಟು, ಅದನ್ನು ಸರಿ ಮಾಡುವ ಮಾತ್ರೆ ಕೊಟ್ರೆ ಜೀವ ಉಳೀತದೆ ಅಂತ ಅಮೆರಿಕದಲ್ಲಿ ಡಾಕ್ಟ್ರುಗಳು ಎಷ್ಟೋ ಜನರಿಗೆ ಕೊಡ್ತಾ ಇದ್ರು, ಕೇಳ್ಲಿಕ್ಕೆ ಸರಿಯಾದ ಮಾತೇ. 1989ರಲ್ಲಿ ಟ್ರಯಲ್ ಮಾಡಿ ನೋಡಿದ್ರೆ ಬಡಿತ ಸರಿಯಾಯ್ತು, ಆದ್ರೆ ಮಾತ್ರೆ ತಗೊಂಡವ್ರೇ ಜಾಸ್ತಿ ಸತ್ರು. ಟ್ರಯಲಿನ ಹೊರಗೆ ಸಿಕ್ಕ ಚಿಕಿತ್ಸೆ ಯಾವಾಗ್ಲೂ ಸೇಫ್, ಒಳಗಿನದ್ದು ಮಾತ್ರ ಪ್ರಯೋಗ ಅಂತ ಮಾವ ಅಂದುಕೊಂಡಿರ್ಬಹುದು, ಹಾಗೆ ಅಲ್ಲ.

ಅಪ್ಪನದ್ದೇ ವಿಷಯಕ್ಕೆ ಬಂದ್ರೆ, ಶುಗರ್ ಇರುವವ್ರಿಗೆ ಬಿಪಿ ಎಷ್ಟಕ್ಕೆ ಇಳಿಸ್ಬೇಕು ಅನ್ನುವ ಒಂದೇ ಪ್ರಶ್ನೆಗೆ ಎಷ್ಟು ವರ್ಷ ಹಿಡಿಯಿತು ನೋಡಿ. ಮೇಲಿನ ನಂಬ್ರ 140ರ ಒಳಗೆ ಸಾಕಾ ಇಲ್ಲ 120ರ ಒಳಗೆ ತರ್ಬೇಕಾ? 2010ರಲ್ಲಿ ಅಕಾರ್ಡ್ ಅಂತ ಒಂದು ಸ್ಟಡಿ, ಶುಗರ್ ಇರುವ 4733 ಜನ, 120ರ ಗುಂಪಲ್ಲಿ ಸ್ಟ್ರೋಕ್ ಕಮ್ಮಿ ಆಯ್ತು ಆದ್ರೆ ಹಾರ್ಟ್ ಅಟ್ಯಾಕ್, ಸ್ಟ್ರೋಕ್, ಹೃದಯದ ಸಾವು ಎಲ್ಲ ಒಟ್ಟು ಸೇರಿಸಿದ್ರೆ ದೊಡ್ಡ ವ್ಯತ್ಯಾಸ ಕಾಣ್ಲಿಲ್ಲ. 2015ರಲ್ಲಿ ಸ್ಪ್ರಿಂಟ್, 9361 ಜನ, ಇವ್ರಲ್ಲಿ ಶುಗರ್ ಇರುವವ್ರನ್ನು ಸೇರಿಸಿರ್ಲಿಲ್ಲ, 120ರ ಗುಂಪಲ್ಲಿ ಹಾರ್ಟ್, ಸ್ಟ್ರೋಕಿನಂಥ ತೊಂದ್ರೆ ಶೇಕಡಾ 25 ಕಮ್ಮಿ, ಸ್ಟಡಿಯನ್ನು ಅರ್ಧದಲ್ಲೇ ನಿಲ್ಲಿಸಿ ಹೇಳಿದ್ರು, ಆದ್ರೆ ತಲೆತಿರುಗಿ ಬೀಳುದು, ಕಿಡ್ನಿಗೆ ಪೆಟ್ಟಾಗುದು ಸ್ವಲ್ಪ ಜಾಸ್ತಿ. ಹಾಗಾದ್ರೆ ಶುಗರ್ ಇರುವವ್ರಿಗೆ? ಮತ್ತೆ 2024ರವರೆಗೆ ಕಾಯ್ಬೇಕಾಯ್ತು, ಚೀನಾದಲ್ಲಿ ಶುಗರ್ ಇರುವ 12,821 ಜನರಲ್ಲಿ ಬಿಪ್ರೋಡ್ ಅಂತ ಮಾಡಿದ್ರು, 120ರ ಗುಂಪಲ್ಲಿ ಅಂಥ ತೊಂದ್ರೆ ಶೇಕಡಾ 21 ಕಮ್ಮಿ. ಒಂದು ಪ್ರಶ್ನೆ, 14 ವರ್ಷ, ಮೂರು ಸ್ಟಡಿ ಸೇರಿ ಹತ್ತಿರ ಹತ್ತಿರ 27 ಸಾವಿರ ಜನ. ನಾಳೆ ನಾನು ಅಪ್ಪನಂಥ ಒಬ್ಬರಿಗೆ ಮಾತ್ರೆ ಬರೆಯುವಾಗ ಆ 27 ಸಾವಿರ ಜನ ನನ್ನ ಪೆನ್ನಿನ ಹಿಂದೆ ಇರ್ತಾರೆ, ನಂಗೆ ಹಾಗೆ ಅನ್ನಿಸ್ತದೆ.

ಬದಿಯಡ್ಕದ_ಮಗಳು:

ಎಲ್ರಿಗೂ ತುಂಬ ಥ್ಯಾಂಕ್ಸ್. ಮೇಷ್ಟ್ರು ಬರೆದದ್ದನ್ನು ಅಪ್ಪನಿಗೆ ಓದಿ ಹೇಳಿದೆ, ಅಪ್ಪ ಎದ್ದು ಹೊರಗೆ ಹೋಗಿ ಸ್ವಲ್ಪ ಹೊತ್ತು ಅಂಗಳದಲ್ಲಿ ನಿಂತಿದ್ರು. ಆಮೇಲೆ ಬಂದು ಅವ್ರೇ ಕೇಳಿದ್ರು, ಒಂದು ಗುಂಪಿಗೆ ಮಾತ್ರೆಯೇ ಕೊಡದೆ ಬರೀ ಹಿಟ್ಟಿನ ಗುಳಿಗೆ ಕೊಡ್ತಾರಂತಲ್ಲ, ಹಾಗೆ ನಂಗೆ ಬಂದ್ರೆ ಎಂತ ಮಾಡುದು? ಇದಕ್ಕೆ ಯಾರಾದ್ರೂ ಹೇಳಿ. ಮತ್ತೆ ಆಸ್ಪತ್ರೆಗೆ ಹೋಗಿ ಬರ್ಲಿಕ್ಕೆ ಎರಡು ಬಸ್ಸು, ಒಂದು ದಿನದ ಕೆಲಸ ಹೋಗ್ತದೆ, ಇದೆಲ್ಲ ಕೇಳಿದ್ರೆ ತಪ್ಪಾ?

ಉಪ್ಪಳದ_ನರ್ಸ್:

ಬಸ್ಸಿನ ಖರ್ಚು ಕೇಳುದು ತಪ್ಪಲ್ಲ, ಎಷ್ಟೋ ಸ್ಟಡಿಗಳಲ್ಲಿ ಅದಕ್ಕೆ ಅಂತಲೇ ದುಡ್ಡು ಇಟ್ಟಿರ್ತಾರೆ, ಕೇಳದಿದ್ರೆ ಯಾರೂ ಹೇಳುದಿಲ್ಲ. ಹಿಟ್ಟಿನ ಗುಳಿಗೆ ವಿಷಯ, ಒಳ್ಳೆ ಔಷಧ ಇರುವ ಕಾಯಿಲೆಗೆ, ಅದೂ 160 ಬಿಪಿ ಇರುವವ್ರಿಗೆ, ಔಷಧ ನಿಲ್ಲಿಸಿ ಬರೀ ಹಿಟ್ಟು ಕೊಟ್ಟು ವರ್ಷಗಟ್ಲೆ ಇಡ್ಲಿಕ್ಕೆ ಎಥಿಕ್ಸ್ ಕಮಿಟಿ ಬಿಡುದಿಲ್ಲ. ಸಾಮಾನ್ಯವಾಗಿ ಎರಡೂ ಕಡೆ ನಿಜವಾದ ಚಿಕಿತ್ಸೆ ಇರ್ತದೆ, ಹಿಟ್ಟಿನ ಗುಳಿಗೆ ಇದ್ರೂ ಮಾಮೂಲಿ ಮಾತ್ರೆಯ ಜೊತೆಗೆ. ಆದ್ರೂ ನನ್ನ ಮಾತು ನಂಬಿ ಕೂರ್ಬೇಡಿ, "ಎರಡನೇ ಗುಂಪಿನವ್ರಿಗೆ ಎಂತ ಕೊಡ್ತೀರಿ" ಅಂತ ಡಾಕ್ಟ್ರ ಬಾಯಿಂದಲೇ ಕೇಳಿ.

ಮಂಗಳೂರಿನ ಯೇನೆಪೋಯ ಮೆಡಿಕಲ್ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಅವ್ರೆಲ್ಲ ಝಾರ್ಖಂಡಲ್ಲಿ ಮಾಡಿದ ರೇಷನ್ಸ್ ಸ್ಟಡಿ ನೋಡಿ. ಟಿಬಿ ಇರುವ 2800 ಜನರಿಗೂ ಮಾತ್ರೆ ಜೊತೆಗೆ ತಿಂಗಳು ತಿಂಗಳು ಆಹಾರದ ಕಿಟ್ ಕೊಟ್ರು, ಯಾರನ್ನೂ ಬಿಡ್ಲಿಲ್ಲ. ಚೀಟಿ ಎತ್ತಿದ ಹಾಗೆ ಬೇರೆ ಮಾಡಿದ್ದು ಮನೆಯವ್ರನ್ನು ಮಾತ್ರ, ಒಂದು ಕಡೆಯ ಮನೆಯವ್ರಿಗೂ ಅಕ್ಕಿ ಬೇಳೆ ಕೊಟ್ರು, ಇನ್ನೊಂದು ಕಡೆ ಇಲ್ಲ. 2023ರಲ್ಲಿ ಬಂದ ಫಲ ಎಂತ ಅಂದ್ರೆ ಅಕ್ಕಿ ಬೇಳೆ ಸಿಕ್ಕಿದ ಮನೆಗಳಲ್ಲಿ ಹೊಸದಾಗಿ ಟಿಬಿ ಬರುದು ಶೇಕಡಾ 39 ಕಮ್ಮಿ. ಅಕ್ಕಿ ಮತ್ತು ಬೇಳೆ! ಸಂಶೋಧನೆ ಅಂದ್ರೆ ಯಾವಾಗ್ಲೂ ದುಬಾರಿ ಮಾತ್ರೆಯೇ ಆಗ್ಬೇಕು ಅಂತ ಇಲ್ಲ.

ಮಂಜೇಶ್ವರದ_ಶಾಲಿನಿ_ಅಲ್ಲ_ಅವಳ_ತಂಗಿ:

ನಮ್ಮ ಅಮ್ಮ ಇಂಥದ್ದೇ ಒಂದು ಬಿಪಿ ಸ್ಟಡಿಯಲ್ಲಿ ಎರಡು ವರ್ಷ ಇದ್ರು ಅದಕ್ಕೆ ಬರೀತೇನೆ, ಆಸ್ಪತ್ರೆ ಹೆಸರು ಬೇಡ. ಮೊದಲು ನಮ್ಗೂ ಹೆದರಿಕೆ. ಆದ್ರೆ ಅಮ್ಮನ ಬಿಪಿಯನ್ನು ಅಷ್ಟು ಸರಿಯಾಗಿ ಯಾರೂ ನೋಡಿಯೇ ಇರ್ಲಿಲ್ಲ ಅಲ್ಲಿಯವರೆಗೆ. ಮೊದಲೆಲ್ಲ ಮೆಟ್ಲು ಹತ್ತಿ ಏದುಸಿರು ಬಿಡ್ತಾ ಇರುವಾಗಲೇ ಸೀರೆಯ ರವಿಕೆ ಮೇಲೆಯೇ ಪಟ್ಟಿ ಕಟ್ಟಿ ನೋಡ್ತಿದ್ರು. ಸ್ಟಡಿಯಲ್ಲಿ ಐದು ನಿಮಿಷ ಸುಮ್ಮನೆ ಕೂರಿಸಿ, ಬೆನ್ನಿಗೆ ಆಧಾರ, ಎರಡು ಪಾದವೂ ನೆಲಕ್ಕೆ, ಕೈ ಮೇಜಿನ ಮೇಲೆ ಎದೆಯ ಎತ್ತರಕ್ಕೆ, ಮಾತಾಡ್ಲಿಕ್ಕಿಲ್ಲ, ಒಂದಲ್ಲ ಎರಡು ಮೂರು ಸಲ ನೋಡಿ ಬರೆದುಕೊಳ್ತಿದ್ರು. ಅಮ್ಮ ಮೊದಲ ದಿನ ಮಾತಾಡದೆ ಐದು ನಿಮಿಷ ಕೂತು ಬಂದು ಹೇಳಿದ್ರು, ಮದುವೆ ಆದ ಮೇಲೆ ಹೀಗೆ ಸುಮ್ಮನೆ ಕೂತದ್ದು ಇದೇ ಮೊದ್ಲು ಅಂತ. ನಂಗೆ ಕಣ್ಣಲ್ಲಿ ನೀರು ಬಂತು.

ಎಂಟನೇ ತಿಂಗಳಿಗೆ ಅಮ್ಮನ ಪಾದ ಊದ್ಲಿಕ್ಕೆ ಶುರುವಾಯ್ತು, ಸಂಜೆ ಆಗುವಾಗ ಚಪ್ಪಲಿಯ ಪಟ್ಟಿಯ ಗುರುತು ಕುಳಿಯಾಗಿ ಕಾಣ್ತಿತ್ತು. ಫೋನ್ ಮಾಡಿದ್ದಕ್ಕೆ ಮಾರನೇ ದಿನವೇ ಕರೆದ್ರು, ಕಿಡ್ನಿ ಹೃದಯ ಎಲ್ಲ ಪರೀಕ್ಷೆ ಮಾಡಿ ಇದು ಆಮ್ಲೋಡಿಪಿನ್ ಮಾತ್ರೆಯಿಂದ ಬರುವ ಊತ, ಡೋಸ್ ಕಮ್ಮಿ ಮಾಡುವ ಅಂದ್ರು, ದುಡ್ಡು ತಗೊಳ್ಲಿಲ್ಲ. ಊತ ಪೂರ್ತಿ ಹೋಗ್ಲಿಲ್ಲ ಅಂತ ಅಮ್ಮ ಕೊನೆಗೆ ಆ ಮಾತ್ರೆ ಬೇಡ ಅಂದ್ರು. ನಾವು ಅಂದುಕೊಂಡದ್ದು ಇನ್ನು ಹೊರಗೆ ಹಾಕ್ತಾರೆ ಅಂತ, ಇಲ್ಲ, ಬೇರೆ ಮಾತ್ರೆ ಬರೆದು ಕೊಟ್ಟು, ನೀವು ಬರ್ತಾ ಇರಿ, ಬಿಪಿ ನೋಡ್ತಾ ಇರುವ, ಮಾತ್ರೆ ಬಿಟ್ಟವ್ರ ಲೆಕ್ಕವೂ ನಮ್ಗೆ ಬೇಕು ಅಂದ್ರು. ತೊಂದ್ರೆ ಆದದ್ದು ತುಂಬ ಬೇಜಾರು, ಎರಡು ತಿಂಗಳು ಅಮ್ಮ ಮದುವೆ ಮನೆಗಳಿಗೆ ಹೋಗ್ಲಿಲ್ಲ. ಆದ್ರೆ ಫೋನ್ ಎತ್ತುವ ಜನ ಇದ್ರು. ನೀವು ಅದನ್ನೇ ನೋಡಿ, ಫೋನ್ ಎತ್ತುತ್ತಾರಾ ಅಂತ ಸೈನ್ ಹಾಕುವ ಮೊದ್ಲೇ ಒಮ್ಮೆ ಮಾಡಿ ನೋಡಿ. ಮತ್ತೆ ತಲಪಾಡಿಯ ಕೇರಳ-ಕರ್ನಾಟಕ ಗಡಿ ದಾಟಿ ಹೋಗ್ಬೇಕಾದ ಆಸ್ಪತ್ರೆ ಆದ್ರೆ ಇನ್ನೂ ಯೋಚಿಸಿ, 2020ರಲ್ಲಿ ಕೊರೋನಾ ಟೈಮಲ್ಲಿ ಗಡಿ ಮುಚ್ಚಿದಾಗ ನಮ್ಮ ಕಡೆಯ ರೋಗಿಗಳ ಪಾಡು ಎಂತ ಆಯ್ತು ಅಂತ ನಮ್ಗೆ ಯಾರಿಗೂ ಮರೆತಿಲ್ಲ.

ಹೊಸಂಗಡಿಯ_ಹುಡುಗ:

ಬಿಪಿ ನೋಡುವ ಕ್ರಮ ಶಾಲಿನಿಯವರ ತಂಗಿ ಬರೆದದ್ದು ತುಂಬ ಮುಖ್ಯ. ಸ್ಪ್ರಿಂಟಲ್ಲೂ ಐದು ನಿಮಿಷ ಕೂರಿಸಿಯೇ ಮೆಷಿನಲ್ಲಿ ನೋಡಿದ್ದು, ಆ 120ನ್ನು ಗಡಿಬಿಡಿಯಲ್ಲಿ ನೋಡಿದ 120ಗೆ ಹೋಲಿಸ್ಲಿಕ್ಕೆ ಆಗುದಿಲ್ಲ. ಅಕ್ಕ, ಅಪ್ಪನ 162 ಹೇಗೆ ನೋಡಿದ್ದು? ಮನೆಯಲ್ಲಿ ಮೆಷಿನ್ ಇದ್ರೆ ಒಂದು ವಾರ ಬೆಳಿಗ್ಗೆ ಸಂಜೆ ಎರಡೆರಡು ಸಲ ನೋಡಿ ಬರೆದು ತಗೊಂಡು ಹೋಗಿ. ಮನೆಯಲ್ಲಿ ಸರಾಸರಿ 135/85 ದಾಟಿದ್ರೆ ಬಿಪಿ ಜಾಸ್ತಿ ಅಂತಲೇ ಲೆಕ್ಕ. ಸ್ಟಡಿಗೆ ಸೇರ್ಲಿ ಬಿಡ್ಲಿ ಈಗಿನ ಮಾತ್ರೆ ಒಂದು ದಿನವೂ ಬಿಡ್ಬಾರ್ದು, ಅದನ್ನು ಅಪ್ಪನಿಗೆ ನನ್ನ ಲೆಕ್ಕದಲ್ಲಿ ಹೇಳಿ.

ಬದಿಯಡ್ಕದ_ಮಗಳು:

ಬುಧವಾರ ಹೋಗಿ ಬಂದೆವು, ಹೇಳ್ದೆ ಇದ್ರೆ ಸರಿಯಾಗುದಿಲ್ಲ ಅಂತ ಬರೀತೇನೆ. ಈ ಸಲ ಟೇಬಲಿನ ಹತ್ರ ಹೋಗದೆ ನೇರ ಡಾಕ್ಟ್ರ ಹತ್ರವೇ ಕನ್ನಡ ಫಾರ್ಮ್ ಕೇಳಿದೆ. ಅವ್ರು ಒಮ್ಮೆ ಸುಮ್ಮನಾದ್ರು, ಆಮೇಲೆ ಫೋನ್ ಮಾಡಿ ವಿಚಾರಿಸಿದ್ರು, ನೋಡಿದ್ರೆ ಕನ್ನಡದ್ದು ಕಮಿಟಿಯಿಂದ ಒಪ್ಪಿಗೆ ಆಗಿ ಬಂದು ತಿಂಗಳು ಮೂರು ಆಗಿದೆ, ಪ್ರಿಂಟ್ ತೆಗೆದು ಟೇಬಲಿಗೆ ಇಟ್ಟಿರ್ಲಿಲ್ಲ ಅಷ್ಟೇ! ಡಾಕ್ಟ್ರು "ನಮ್ಮ ತಪ್ಪು" ಅಂತ ಅಪ್ಪನ ಹತ್ರವೇ ಹೇಳಿದ್ರು. ಐದು ನಿಮಿಷ ಕೂರಿಸಿ ಬಿಪಿ ನೋಡಿಸಿದೆ, 150/90 ಬಂತು, ಅಂದ್ರೆ ಜಾಸ್ತಿಯೇ, ಆದ್ರೆ 162 ಅಲ್ಲ. ಎರಡೂ ಗುಂಪಿಗೆ ನಿಜವಾದ ಮಾತ್ರೆಯೇ. ಬಸ್ಸಿನ ದುಡ್ಡು ಕೊಡ್ತಾರೆ. ಮೇಷ್ಟ್ರ ಎರಡು ಪ್ರಶ್ನೆಯನ್ನು ಅಪ್ಪ ಕಾಗದದಲ್ಲಿ ಬರೆದು ತಗೊಂಡು ಹೋಗಿದ್ರು, ಓದಿ ಕೇಳಿದ್ರು. ರಿಪೋರ್ಟಿಗೆ ಹೌದು ಅಂದ್ರು. ಕೊನೆಗೆ ಬಂದು ಹೇಳುದಕ್ಕೆ "ಇಷ್ಟರವರೆಗೆ ಯಾರೂ ಕೇಳ್ಲಿಲ್ಲ, ಕಮಿಟಿಗೆ ಬರೀತೇನೆ" ಅಂದ್ರು.

ಆಮೇಲೆ ಅಪ್ಪ ಅವ್ರದ್ದೇ ಒಂದು ಕೇಳಿದ್ರು. "ಕೊಯ್ಲಿನ ಟೈಮಲ್ಲಿ ಮಾತ್ರೆ ತಪ್ಪಿದ್ರೆ ಹೇಳ್ಬೇಕಾ, ಹೇಳಿದ್ರೆ ಬಯ್ತೀರಾ?" ಡಾಕ್ಟ್ರು ಹೇಳಿದ್ರು, ಬಯ್ಯುದಿಲ್ಲ, ತಪ್ಪಿದ್ದನ್ನು ತಪ್ಪಿದೆ ಅಂತಲೇ ಬರೆಯಿರಿ, ತೋಟದ ಕೆಲಸದವ್ರಿಗೆ ಯಾವ ಕ್ರಮ ಆಗ್ತದೆ ಅಂತ ನಮ್ಗೆ ಗೊತ್ತಾಗ್ಬೇಕಾದ್ದೇ ಅದು.

ಸೈನ್ ಇನ್ನೂ ಹಾಕ್ಲಿಲ್ಲ. ರಾತ್ರಿ ಊಟ ಆದ ಮೇಲೆ ಅಮ್ಮ ಗಟ್ಟಿಯಾಗಿ ಓದುದು, ಅಪ್ಪ ಅಡಿಕೆ ಸುಲೀತಾ ಕೇಳುದು, ಒಂಬತ್ತನೇ ಪುಟದವರೆಗೆ ಬಂದಿದೆ. ಅಲ್ಲಿ ಅಪ್ಪ ಪೆನ್ಸಿಲಲ್ಲಿ ಗೆರೆ ಹಾಕಿಸಿದ್ದಾರೆ. "ಉಳಿದ ರಕ್ತದ ಮಾದರಿಯನ್ನು ಮುಂದಿನ ಸಂಶೋಧನೆಗಳಿಗಾಗಿ ಸಂಗ್ರಹಿಸಿಡಲು ಒಪ್ಪುತ್ತೇನೆ" ಅಂತ ಒಂದು ಬೇರೆ ಚೌಕ ಉಂಟು. ಸ್ಟಡಿಗೆ ಹೌದು, ಇದಕ್ಕೆ ಬೇಡ ಅಂತ ಹಾಕ್ಬಹುದಾ?

ಉಪ್ಪಳದ_ನರ್ಸ್:

ಹಾಕ್ಬಹುದು. ಬೇರೆ ಚೌಕ ಕೊಟ್ಟದ್ದೇ ಅದಕ್ಕೆ. ಅದಕ್ಕೆ ಬೇಡ ಅಂತ ಹಾಕಿದ್ರೂ ಸ್ಟಡಿಗೆ ಸೇರ್ಬಹುದು. ಇಡುವುದಾದ್ರೆ ಎಲ್ಲಿ ಇಡ್ತೀರಿ, ಎಷ್ಟು ವರ್ಷ, ಹೆಸರು ತೆಗೆದು ಇಡ್ತೀರಾ ಅಂತ ಕೇಳಿ, ಉತ್ತರ ಸಮಾಧಾನ ಆದ್ರೆ ಹೌದು, ಇಲ್ಲದಿದ್ರೆ ಬೇಡ. ಅಪ್ಪನ ರಕ್ತ, ಅಪ್ಪನೇ ಹೇಳ್ಬೇಕು.

ಪೆರ್ಲದ_ಮೇಷ್ಟ್ರು:

ಅಪ್ಪನ ಹತ್ರ ಹೇಳಿ, ಹತ್ತನೇ ಪುಟದಿಂದ ಮುಂದೆ ಎಂತ ಉಂಟು ಅಂತ ನಂಗೂ ತಿಳಿಸ್ಲಿಕ್ಕೆ. ನಾನು ಕಾಯ್ತಾ ಇರ್ತೇನೆ.